ಟ್ರಂಕಿನೊಳಗಿನ ಕತ್ತರಿ

ದರ್ಜಿ ಅಜ್ಜಿಯ ಮನೆಯಲ್ಲಿ ಹೊಲಿಗೆ ಮಿಷನ್ನಿನ ಸದ್ದು ನಿಂತು ಹನ್ನೆರಡು ದಿನವಾಗಿತ್ತು. ಶಾಲೆಯ ಅಂಗಿಗಳು ತೋಳು ಒಂದು ಕಡೆ, ಕಾಲರ್ ಒಂದು ಕಡೆ ಬಿದ್ದಿದ್ದವು. ಮೊಮ್ಮಗಳು ಸೀಳುತುಟಿಯೊಂದಿಗೆ ಹುಟ್ಟಿದ ದಿನವೇ ಅಜ್ಜಿ ಕತ್ತರಿಗೆ ಬಟ್ಟೆ ಸುತ್ತಿ, ಟ್ರಂಕಿನ ತಳಕ್ಕೆ ಹಾಕಿ ಬೀಗ ಜಡಿದಿದ್ದಳು. ಕೂಸು ಯಾರ ಕಣ್ಣಿಗೂ ಬೀಳಬಾರದೆಂದು ಬಾಗಿಲನ್ನೂ ಅರ್ಧವೇ ತೆರೆಯುತ್ತಿದ್ದಳು.

ಕೂಸಿನ ಅಂಗುಳವೂ ಸೀಳಿತ್ತು. ಹಾಲು ಚೀಪಲು ಬಾರದು, ಬಾಯಿಗೆ ಬಿಟ್ಟದ್ದು ಮೂಗಿನಲ್ಲಿ ಬರುತ್ತಿತ್ತು. ಅಳುವ ದನಿ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು.

ತೂಕ ನೋಡಲು ಬಂದ ನರ್ಸಮ್ಮ, "ಹುಟ್ಟಿದಾಗ ಇದ್ದದ್ದಕ್ಕಿಂತ ಅರ್ಧ ಕೆಜಿ ಇಳಿದಿದೆ. ಇವತ್ತೇ ಆಸ್ಪತ್ರೆಗೆ ಹೊರಡಿ" ಎಂದಳು.

"ಹೋಗಿ ಏನು ಮಾಡೋದಮ್ಮ?" ಅಜ್ಜಿ ತಲೆ ಎತ್ತಲಿಲ್ಲ. "ಬೇಡ ಬೇಡ ಅಂದ್ರೂ ನನ್ನ ಸೊಸೆ ಏಳು ತಿಂಗಳ ಬಸುರಿಯಾಗಿದ್ದಾಗ ಕತ್ತರಿ ಹಿಡಿದಳು. ಕೂಸಿನ ತುಟಿ ಸೀಳಿತು."

ಗೋಡೆಗೊರಗಿದ್ದ ಸೊಸೆ ಮುಖ ತಿರುಗಿಸಿಕೊಂಡಳು. ಕೇಳಿ ಕೇಳಿ ಅವಳಿಗೂ ಅದೇ ನಿಜವೆನಿಸಿತ್ತು.

ನರ್ಸಮ್ಮ ಒಂದು ಕಾಲರ್ ಎತ್ತಿಕೊಂಡಳು. "ಅಂಗಿ ಪೂರ್ತಿ ಹೊಲಿದು, ಇಸ್ತ್ರಿನೂ ಮಾಡಿದ ಮೇಲೆ ಕಾಲರ್ ಜೋಡಿಸ್ತೀರಾ ಅಜ್ಜಿ?"

"ಅದ್ಯಾವ ದರ್ಜಿ ಹಾಗೆ ಮಾಡ್ತಾನೆ?"

"ಮುಖಾನೂ ಹಾಗೇನೆ. ಮೊದಲು ಬಿಡಿ ಬಿಡಿ ಭಾಗ. ಹಣೆ ಕಡೆಯಿಂದ, ಎರಡೂ ಕೆನ್ನೆ ಕಡೆಯಿಂದ ಬೆಳೆದು ಬಂದು ಮೇಲಿನ ತುಟೀಲಿ ಕೂಡ್ಕೊಳ್ತವೆ. ಮೊಟ್ಟೆಯೊಳಗಿನ ಕೋಳಿಮರಿ, ಇಲಿಯ ಭ್ರೂಣ ಎಲ್ಲಾ ದಿನಾ ಸೂಕ್ಷ್ಮದರ್ಶಕದಲ್ಲಿ ನೋಡಿ ನೋಡಿ ವಿಜ್ಞಾನಿಗಳು ಇದನ್ನ ಕಂಡ್ಕೊಂಡಿದ್ದಾರೆ. ತುಟಿ ಕೂಡೋದು ಎರಡನೇ ತಿಂಗಳಲ್ಲಿ, ಅಂಗುಳ ಮೂರನೇ ತಿಂಗಳ ಹೊತ್ತಿಗೆ. ಕೂಡದೆ ಉಳಿದ್ರೆ ಸೀಳು. ಏಳನೇ ತಿಂಗಳಿಗೆ ಆ ಕೆಲಸ ಎಂದೋ ಮುಗಿದಿತ್ತು. ಕತ್ತರಿ ಯಾವ ತಿಂಗಳಲ್ಲಿ ಹಿಡಿದ್ರೂ ತುಟಿ ಸೀಳಲ್ಲ."

"ಮತ್ತೆ ಯಾಕಾಯ್ತು?"

"ಎಷ್ಟೋ ಸಲ ಇಂಥದ್ದೇ ಕಾರಣ ಅನ್ನೋಕಾಗಲ್ಲ. ವಂಶದಲ್ಲಿದ್ರೂ ಬರಬಹುದು. ನಿಮ್ಮಲ್ಲಿ ಯಾರಿಗಾದ್ರೂ ಇತ್ತಾ?"

ಅಜ್ಜಿ ನರ್ಸಮ್ಮನ ಕೈಯಿಂದ ಕಾಲರ್ ತೆಗೆದುಕೊಂಡು ಮಡಿಸಿಟ್ಟಳು. "ನನ್ನ ಮೊದಲನೇ ಕೂಸಿಗೆ. ಹತ್ತೊಂಬತ್ತು ದಿನ ಇತ್ತು, ಹಾಲು ಇಳಿಯದೆ ಹೋಯ್ತು. ಕತ್ತರಿ ಹಿಡಿದದ್ದಕ್ಕೇ ಅಂದ್ರು ನಮ್ಮತ್ತೆ. ನಲವತ್ತು ವರ್ಷ ನಾನೇ ಕೊಂದೆ ಅಂದ್ಕೊಂಡೇ ಹೊಲಿದೆ ಕಣಮ್ಮ."

"ನೀವು ಕೊಲ್ಲಲಿಲ್ಲ ಅಜ್ಜಿ. ಅದು ಹಸಿದು ಹೋಯ್ತು. ಇದು ಹಾಗೆ ಹೋಗಬಾರದು."

ನರ್ಸಮ್ಮ ಕೂಸನ್ನು ನೆಟ್ಟಗೆ ಹಿಡಿದು, ಸೊಸೆ ಹಿಂಡಿಕೊಟ್ಟ ಎದೆಹಾಲನ್ನು ಚಮಚದಲ್ಲಿ ಗುಟುಕು ಗುಟುಕಾಗಿ ಕೊಟ್ಟಳು. ಕೂಸು ನುಂಗಿತು. ಕೆಲವು ತಿಂಗಳಲ್ಲಿ ತುಟಿಗೆ, ವರ್ಷದ ಹೊತ್ತಿಗೆ ಅಂಗುಳಕ್ಕೆ ಆಪರೇಷನ್ ಮಾಡುತ್ತಾರೆಂದೂ ಹೇಳಿದಳು.

ಅಜ್ಜಿ ಟ್ರಂಕಿನ ಕೀಲಿಯನ್ನು ಸೊಸೆಯ ಕೈಗಿಟ್ಟಳು. "ನನಗೆ ಅಂದ ಮಾತನ್ನೇ ನಿನಗೂ ಅಂದೆನಲ್ಲ ಮಗಳೇ. ಕತ್ತರಿ ಆಮೇಲೆ ತೆಗಿ. ಮೊದಲು ಆಸ್ಪತ್ರೆಗೆ ನಡಿ." ಕೂಸನ್ನೆತ್ತಿಕೊಂಡು, ಅದರ ಮುಖಕ್ಕೆ ಸೆರಗು ಮುಚ್ಚದೆ ಬೀದಿಗಿಳಿದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮುಖ ಕೂಡಿಕೊಳ್ಳುವ ಹೊತ್ತಿಗೆ ಎಷ್ಟೋ ತಾಯಂದಿರಿಗೆ ತಾವು ಬಸುರಿಯೆಂದೇ ತಿಳಿದಿರುವುದಿಲ್ಲ. ಮಗು ಬೇಕೆಂದುಕೊಂಡಾಗಲೇ ವೈದ್ಯರನ್ನು ಕೇಳಿ ಫೋಲಿಕ್ ಆಸಿಡ್ ಮಾತ್ರೆ ಶುರುಮಾಡಿ. ಬೀಡಿ, ಸಿಗರೇಟು, ಕುಡಿತ ಮನೆಯಿಂದಾಚೆ ಇರಲಿ. ಇದರಿಂದ ಅಪಾಯ ತಗ್ಗಬಹುದು, ಸೀಳು ಬರುವುದೇ ಇಲ್ಲವೆಂದಲ್ಲ. ಬಂದರೆ ತಾಯಿಯನ್ನು ದೂರಬೇಡಿ, ಕೂಸನ್ನು ಬಚ್ಚಿಡಬೇಡಿ, ಅಂದೇ ಆಸ್ಪತ್ರೆಗೆ ತನ್ನಿ. ಅಜ್ಜಿಯ ಮೊದಲ ಕೂಸನ್ನು ಯಾರೂ ತರಲಿಲ್ಲ.