ಮಂಡಿಗೆ ಕೊಟ್ಟ ಶಾಕ್

‘ಶಾಕ್’ ಎಂಬ ಮಾತು ಕಿವಿಗೆ ಬಿದ್ದದ್ದೇ ಪಾಲಹಳ್ಳಿಯ ಚಿಕ್ಕಬೋರಮ್ಮನ ಕೈಕಾಲು ತಣ್ಣಗಾದವು. ಮಂಡಿ ಸವೆದು, ಡೈರಿಗೆ ಹಾಲು ಕೊಂಡೊಯ್ಯುವುದಿರಲಿ, ಕೊಟ್ಟಿಗೆಯ ಹೊಸ್ತಿಲು ದಾಟುವುದೂ ಕಷ್ಟವಾಗಿತ್ತು. ಅದಕ್ಕೇ ಸೊಸೆ ತನುಶ್ರೀ ಅವಳನ್ನು ಶ್ರೀರಂಗಪಟ್ಟಣಕ್ಕೆ, ಫಿಸಿಯೋಥೆರಪಿ ಮಾಡುವ ಲೋಕೇಶನ ಹತ್ತಿರ ಕರೆತಂದಿದ್ದಳು.

“ಶಾಕ್‌ವೇವ್ ಕೊಟ್ಟು ನೋಡೋಣ, ನೋವು ಕಮ್ಮಿ ಆಗಬಹುದು,” ಎಂದ ಲೋಕೇಶ್.

ಚಿಕ್ಕಬೋರಮ್ಮನ ಕಣ್ಣಿಗೆ ಬಿದ್ದದ್ದು ಮಿಷನ್ನಿನಿಂದ ಹೊರಟ ಕರಿ ವೈರು. ಅವಳ ಗಂಡ ಮರಿಯಯ್ಯ ನೀರು ನಿಂತ ಗದ್ದೆಯಲ್ಲಿ ಪಂಪ್‌ಸೆಟ್ಟಿನ ಅಂಥದೇ ವೈರು ಹಿಡಿದು ಸೆಟೆದುಹೋಗಿದ್ದ. ಬಿಡಿಸಲು ಹೋಗಿ ಮುಟ್ಟಿದ ಮೈದುನ ಕುಳ್ಳಯ್ಯನೂ ಅಲ್ಲೇ ಬಿದ್ದ. ಒಂದೇ ಮನೆಯಿಂದ ಎರಡು ಹೆಣ ಹೊರಟಿದ್ದವು.

“ಬ್ಯಾಡ ಕಣವ್ವಾ, ಮನೀಗೋಗಾನ. ಕುಂಟ್ಕಂಡೇ ಇರ್ತೀನಿ.”

“ಅಮ್ಮಾ, ಇದು ಕರೆಂಟಲ್ಲ. ಸುತ್ತಿಗೇಲಿ ಕುಟ್ಟಿದಂಗೆ ಇರುತ್ತೆ, ಅಷ್ಟೇ,” ಎಂದು ಲೋಕೇಶ್ ಮಿಷನ್ನಿನ ತುದಿಯನ್ನು ತನ್ನ ಅಂಗೈಗೇ ಒತ್ತಿಕೊಂಡು ತೋರಿಸಿದ.

ಅವಳಿಗೆ ನಂಬಿಕೆ ಬರಲಿಲ್ಲ. ಎದ್ದು ಓಡೋಣವೆಂದರೆ ಮಂಡಿ ಬಿಡಬೇಕಲ್ಲ! ಮಂಚದ ಮೇಲೆ ಕಾಲು ಚಾಚಿದಳು. ತಣ್ಣನೆಯ ಜೆಲ್ಲು ಸವರಿದಾಗಲೇ ಜೀವ ಬಾಯಿಗೆ ಬಂತು. ಧೈರ್ಯ ಹೇಳಲು ತನುಶ್ರೀ ಕೈ ಹಿಡಿದಳು. ಚಿಕ್ಕಬೋರಮ್ಮ ಕೊಡವಿ ಚೀರಿದಳು:

“ಮುಟ್ಬ್ಯಾಡ ಕಣವ್ವಾ, ದೂರ ನಿಂತ್ಕ! ನಂಗೇನಾದ್ರೂ ಆಗ್ಲಿ, ನೀನು ಮುಟ್ಬ್ಯಾಡ!”

ಮನೆಯವರು ಹೇಳಿದ್ದ ಆ ಸಾವಿನ ಕಥೆ ತನುಶ್ರೀಗೆ ಆಗ ನೆನಪಾಯಿತು. ಆದರೂ ಅವಳು ಸರಿಯಲಿಲ್ಲ. ಅತ್ತೆಯ ಕೈಯನ್ನು ಮತ್ತೆ ಬಿಗಿಯಾಗಿ ಹಿಡಿದು, “ಆನ್ ಮಾಡಿ ಸಾರ್,” ಎಂದಳು.

ಟಕಟಕನೆ ಮಿಷನ್ನು ಕುಟ್ಟತೊಡಗಿತು. ಮೂಳೆಯವರೆಗೂ ನೋವು. ಚಿಕ್ಕಬೋರಮ್ಮ ಮಂಡಿಯ ಕಡೆ ನೋಡಲೇ ಇಲ್ಲ; ಸೊಸೆಯ ಮುಖದಲ್ಲೇ ಕಣ್ಣು ನೆಟ್ಟಿದ್ದಳು. ರೆಪ್ಪೆ ಆಡುತ್ತಿದೆಯೇ? ಉಸಿರಿದೆಯೇ?

“ಮಾತಾಡವ್ವ, ಸುಮ್ಕಿರ್ಬ್ಯಾಡ!”

“ಇಲ್ಲೇ ಇವ್ನಿ ಕಣತ್ತೆ. ಏನೂ ಆಗಿಲ್ಲ.”

ಮಿಷನ್ನು ನಿಂತ ಮೇಲೂ ಅವಳು ಸೊಸೆಯ ಮುಖದಿಂದ ಕಣ್ಣು ಕೀಳಲಿಲ್ಲ. ಅಂದು ಮಂಡಿ ಮೊದಲಿಗಿಂತ ಹೆಚ್ಚೇ ನೋಯಿತು. ಆಮೇಲೆ ವಾರವಾರವೂ ಅದೇ ಮಂಚ, ಅದೇ ಹೆದರಿಕೆ. ನೋವು ಮಾತ್ರ ಸ್ವಲ್ಪಸ್ವಲ್ಪವೇ ಇಳಿಯಿತು. ಕೊನೆಗೊಂದು ಬೆಳಗ್ಗೆ ಹಾಲಿನ ಕ್ಯಾನು ಹಿಡಿದು, ಒಂಚೂರು ಕುಂಟುತ್ತಲೇ ಡೈರಿಗೆ ನಡೆದುಹೋದಳು.

“ಶಾಕ್ ಕೊಟ್ರಂತಲ್ಲಕ್ಕಾ, ಎದ್ರಿಕೆ ಆಗ್ನಿಲ್ವಾ?” ಎಂದಳು ಸಾಲಿನಲ್ಲಿದ್ದ ಸೋಮಮ್ಮ.

“ಆಗ್ದೆ ಏನು? ಈಗ್ಲೂ ನೆನ್ಸ್‌ಕಂಡ್ರೆ ಎದೆ ಅದುರ್ತದೆ. ಆ ಮುಂಡೇದು ನನ್ ಸೊಸೆ, ಬುಡು ಅಂದ್ರೂ ಕೈ ಬುಡ್ನಿಲ್ಲ ಕಣೆ.”