ತಗಡಿನ ಬಾಗಿಲು

ನಮ್ಮ ಮೇಷ್ಟ್ರ ಜೇಬಿನಲ್ಲಿ ಪೆನ್ನು ಇರುತ್ತಿರಲಿಲ್ಲ, ಕತ್ತರಿ ಇರುತ್ತಿತ್ತು. ಕಟ್ಟಡಗಳ ವಿನ್ಯಾಸ ಕಲಿಯಲು ಬಂದ ನಾವು ರಟ್ಟು ಕೊಯ್ದು, ಅಂಟು ಹಚ್ಚಿ, ಮನೆಯನ್ನೋ ಶಾಲೆಯನ್ನೋ ಪುಟ್ಟದಾಗಿ ಕಟ್ಟಿ ಮೇಜಿನ ಮೇಲಿಟ್ಟರೆ ಅವರು ಅದರ ಸುತ್ತ ಒಂದು ಸುತ್ತು ಬರುತ್ತಿದ್ದರು. ಹಿಡಿಸದ್ದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಕತ್ತರಿ ತೆಗೆದು ಕಚಕ್ ಎಂದು ಕತ್ತರಿಸಿ, ತುಂಡನ್ನು ನಮ್ಮ ಕೈಗೇ ಕೊಡುತ್ತಿದ್ದರು. ಕತ್ತರಿ ಸರ್ ಎಂಬ ಹೆಸರು ನಾವು ಸೇರುವ ಮೊದಲೇ ಇತ್ತು. ಓದು ಮುಗಿಸಿ ಹೋದವರು ವಾಪಸ್ ಬಂದಾಗ, "ನನ್ನ ಮಹಡೀನ ಅವರೇ ಕತ್ತರಿಸಿದ್ದು" ಎಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದರು. ಕತ್ತರಿಸಿಕೊಂಡಿದ್ದರಲ್ಲಿ ಹೆಮ್ಮೆಪಡುವಂಥದ್ದು ಏನಿದೆಯೋ ನನಗಂತೂ ಅರ್ಥವಾಗಲಿಲ್ಲ.

ಕೊನೆಯ ವರ್ಷದ ಕೆಲಸ ಒಂದು ಶಾಲೆ. ಗೆಳೆಯರು ಗಾಜಿನ ಗೋಪುರ, ಗುಂಡನೆಯ ಗ್ರಂಥಾಲಯ ಎಂದು ಹಾರಾಡುತ್ತಿದ್ದರು. ನನ್ನದರಲ್ಲಿ ಅಂಥ ಜಂಭವಿರಲಿಲ್ಲ. ನಡುವೆ ಅಂಗಳ, ಸುತ್ತ ತರಗತಿಗಳು, ಗಾಳಿ ಹಾದುಹೋಗುವ ಕಿಟಕಿಗಳು. ಆದರೆ ದೊಡ್ಡ ಗೇಟಿನ ಪಕ್ಕದ ಗೋಡೆಯಲ್ಲಿ ಒಂದು ಸಣ್ಣ ಬಾಗಿಲು ಇಟ್ಟಿದ್ದೆ. ಅದಕ್ಕೆ ಬೀಗವಿಲ್ಲ, ಚಿಲಕವಿಲ್ಲ. ಹೊರಗೆ ಪುಟ್ಟ ಸೂರು, ಸೂರಿನಡಿ ಕಲ್ಲುಬೆಂಚು, ಒಂದು ನಲ್ಲಿ. ಒಳಗೆ ಕಾಲಿಟ್ಟರೆ ಎದುರಿಗೇ ಆಫೀಸಿನ ಕಿಟಕಿ, ಯಾರು ಬಂದರೂ ಕಾಣುತ್ತದೆ. ನಕ್ಷೆಯಲ್ಲಿ ಅದರ ಪಕ್ಕ "ತಡವಾಗಿ ಬಂದವರ ಬಾಗಿಲು" ಎಂದು ದಪ್ಪಕ್ಷರದಲ್ಲಿ ಬರೆದಿದ್ದೆ.

ಅದು ನನ್ನ ಸ್ವಂತ ಬಾಗಿಲು. ಅಮ್ಮ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸ್. ಅಪ್ಪ ಇಲ್ಲ. ಅಜ್ಜನಿಗೆ ಒಂದು ಪಕ್ಕ ಸ್ವಾಧೀನವಿಲ್ಲ, ಹಟ ಮಾತ್ರ ಪೂರ್ತಿ ಸ್ವಾಧೀನದಲ್ಲಿದೆ. ಒಬ್ಬನನ್ನೇ ಬಿಟ್ಟರೆ ಎದ್ದು ನಡೆಯಲು ಹೋಗಿ ಬೀಳುತ್ತಾನೆ. ಹಾಗಾಗಿ ಬೆಳಗ್ಗೆ ಅಮ್ಮ ಬರುವವರೆಗೆ ಮನೆಯಲ್ಲಿ ಯಾರಾದರೂ ಇರಲೇಬೇಕು. ಅಷ್ಟರಲ್ಲಿ ಶಾಲೆಯ ಗೇಟು ಮುಚ್ಚಿರುತ್ತದೆ. ಮುಚ್ಚಿದ ಮೇಲೆ ಬಂದವರನ್ನು ಮಧ್ಯದ ಬಿಡುವಿನವರೆಗೆ ಹೊರಗೇ ನಿಲ್ಲಿಸುತ್ತಾರೆ. ನಾನು ವರ್ಷಗಟ್ಟಲೆ ನಿಂತೆ. ನನ್ನ ಕಾಲೇಜು ಬೇಗ ಶುರುವಾಗುವುದರಿಂದ ಈಗ ಅದೇ ಗೇಟಿನ ಮುಂದೆ ತಂಗಿ ನಿಲ್ಲುತ್ತಿದ್ದಾಳೆ.

ಮೊದಲ ಸಲ ತೋರಿಸಿದಾಗ ಕತ್ತರಿ ಸರ್ ಬಗ್ಗಿ ನೋಡಿದರು. ಅಪರೂಪಕ್ಕೆ ಬಾಯಿಯನ್ನೂ ತೆರೆದರು.

"ಇದೇನಮ್ಮ?"

"ತಡವಾಗಿ ಬರೋ ಮಕ್ಕಳಿಗೆ ಸರ್."

"ತಡವಾಗಿ ಬರೋರಿಗೆ ಮರ್ಯಾದೆ ಬೇರೆ ಕೇಡು! ಶಾಲೆ ಕಟ್ತಿದೀಯೋ, ಛತ್ರ ಕಟ್ತಿದೀಯೋ?"

ಕಚಕ್. ಬಾಗಿಲು, ಸೂರು, ಬೆಂಚು ಎಲ್ಲ ನನ್ನ ಅಂಗೈಗೆ ಬಂದವು. ಎರಡನೇ ಸಲಕ್ಕೆ ದಪ್ಪ ರಟ್ಟಿನಲ್ಲಿ ಮಾಡಿಕೊಂಡು ಹೋದೆ.

"ನಿಂಗೆ ಕಿವಿ ಕೇಳ್ಸಲ್ವಾ?"

"ಕೇಳ್ಸುತ್ತೆ ಸರ್. ಬಾಗಿಲು ಬೇಕು."

ಅವರು ಈ ಸಲ ಗೋಡೆಯನ್ನೂ ಸೇರಿಸಿ ಕತ್ತರಿಸಿದರು. "ಕೊನೇ ಪರೀಕ್ಷೆ ದಿನ ಇದು ನನ್ನ ಕಣ್ಣಿಗೆ ಬಿತ್ತೋ, ಮುಂದಿನ ವರ್ಷ ಇದೇ ಮೇಜಿನ ಮುಂದೆ ಕೂತಿರ್ತೀಯ. ನೆನಪಿರಲಿ."

ಒಂದು ವರ್ಷ ಎಂದರೆ ನಮ್ಮ ಮನೆಯಲ್ಲಿ ಸಣ್ಣ ಮಾತಲ್ಲ. ನಾನು ಪಾಸಾಗಿ ಕೆಲಸಕ್ಕೆ ಸೇರಿದರೆ ಅಮ್ಮ ರಾತ್ರಿ ಪಾಳಿ ಬಿಡಬಹುದಿತ್ತು. ಆಗ ತಂಗಿ ಹೊತ್ತಿಗೆ ಸರಿಯಾಗಿ ಶಾಲೆಗೆ ಹೋಗಬಹುದಿತ್ತು. ರಟ್ಟಿನ ಬಾಗಿಲಿಗೆ ಅಂಟಿ ಕೂತರೆ ಅವಳು ನಿಜವಾದ ಗೇಟಿನ ಹೊರಗೆ ಇನ್ನೊಂದು ವರ್ಷ ನಿಲ್ಲಬೇಕು. ಪಕ್ಕದ ಮೇಜಿನ ಗೆಳತಿ ನೇರವಾಗಿ ಹೇಳಿದಳು: "ಒಂದು ದಿನದ ಮಟ್ಟಿಗೆ ತೆಗಿಯೇ. ಮಾರ್ಕ್ಸ್ ಬಂದ್ಮೇಲೆ ನೂರು ಬಾಗಿಲು ಇಟ್ಕೊ, ಯಾರು ಕೇಳ್ತಾರೆ?"

ಅವಳ ಮಾತು ಸರಿಯೆನಿಸಿತು. ತೆಗೆದುಬಿಡುವುದೆಂದೇ ಮನಸ್ಸು ಮಾಡಿ ಮನೆಗೆ ಬಂದೆ. ತಂಗಿ ಜಗಲಿಯ ಮೇಲೆ ಕೂತು ಶೂಗೆ ಪಾಲಿಶ್ ಹಾಕುತ್ತಿದ್ದಳು. ಎಲ್ಲ ಹೇಳಿದೆ.

"ತೆಗೆದ್ಬಿಡಕ್ಕ," ಎಂದಳು ತಲೆಯೆತ್ತದೆ. "ಅಲ್ಲಿ ನಿಲ್ಲೋದೇನು ಕಷ್ಟ ಇಲ್ಲ. ಗೇಟಿನ ಎಡಗಡೆ ನಿಂತ್ರೆ ನೆರಳಿರುತ್ತೆ. ನಂಗೆ ಅಭ್ಯಾಸ ಆಗಿದೆ."

ಕಪಾಳಕ್ಕೆ ಹೊಡೆದ ಹಾಗಾಯಿತು. ಆ ಎಡಗಡೆಯ ನೆರಳು ನನಗೆ ಚೆನ್ನಾಗಿ ಗೊತ್ತು. ಅದನ್ನು ಹುಡುಕಿಕೊಂಡ ದಿನ ನಾನೂ ಏನೋ ಗೆದ್ದೆನೆಂದು ಖುಷಿಪಟ್ಟಿದ್ದೆ. ಹೊರಗೆ ನಿಲ್ಲಿಸಿದ್ದು ಯಾಕೆ ಎಂದು ಕೇಳಬೇಕಾದ ಹುಡುಗಿ ನೆರಳು ಎಲ್ಲಿದೆ ಎಂದು ಲೆಕ್ಕ ಹಾಕುತ್ತಿದ್ದಳು. ಅವಳ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು, ಕತ್ತರಿ ಸರ್ ಮೇಲಂತೂ ಹೇಳತೀರದಷ್ಟು ಬಂತು.

ಅಡುಗೆಮನೆಗೆ ಹೋಗಿ ಖಾಲಿ ಎಣ್ಣೆ ಡಬ್ಬ ತಂದೆ. ಅಜ್ಜನ ಹಳೆಯ ಪೆಟ್ಟಿಗೆಯಿಂದ ತಗಡು ಕತ್ತರಿಸುವ ಕತ್ತರಿ, ಸುತ್ತಿಗೆ ತೆಗೆದೆ. ತಗಡನ್ನು ಬಿಡಿಸಿ, ಬಡಿದು ಚಪ್ಪಟೆ ಮಾಡಿ, ಎರಡು ಪದರ ಮಡಿಚಿದೆ.

"ಏನದು ಕುಟ್ಟೋದು?" ಎಂದು ಅಜ್ಜ ಒಳಗಿನಿಂದ ಕೂಗಿದ. "ಮನೆ ಬೀಳಿಸ್ತಿದೀಯಾ?"

"ಇಲ್ಲಜ್ಜ, ಬಾಗಿಲಿಡ್ತಿದೀನಿ."

"ಗಾಳಿ ಬರೋ ಕಡೆ ಇಡು ಮತ್ತೆ. ಬೆವರಿ ಸಾಯ್ತಿದೀನಿ ಇಲ್ಲಿ."

ಉಳಿದ ಶಾಲೆಯೆಲ್ಲ ರಟ್ಟು. ಬಾಗಿಲು, ಸೂರು, ಬೆಂಚು, ಅವನ್ನು ಹಿಡಿದ ಗೋಡೆ ಮಾತ್ರ ತಗಡು. ಬೆರಳು ಕೊಯ್ದುಕೊಂಡಿದ್ದೆ. ಮರುದಿನ ನನಗೆ ಕಾಲೇಜು ರಜೆ. ಬೆಳಗ್ಗೆ ಅಮ್ಮ ಬಂದವಳು ಚೀಲವನ್ನೂ ಕೆಳಗಿಡದೆ ಗಾಯ ತೊಳೆದು ಬಟ್ಟೆ ಸುತ್ತಿದಳು. ಅವಳಿಂದ ಏನನ್ನೂ ಮುಚ್ಚಿಡಲಿಲ್ಲ.

"ಫೇಲಾದ್ರೆ?"

"ಇನ್ನೊಂದು ವರ್ಷ ಅಮ್ಮ. ನಿಂಗೂ."

ಅಮ್ಮ ತುಂಬ ಹೊತ್ತು ಮೇಜಿನ ಮೇಲಿದ್ದ ಶಾಲೆಯನ್ನೇ ನೋಡಿದಳು. ಇಡೀ ರಾತ್ರಿ ನಿದ್ದೆಗೆಟ್ಟ ಕಣ್ಣು ಕೆಂಪಗಿತ್ತು. "ಗಟ್ಟಿಯಾಗಿ ಅಂಟಿಸಿದೀಯ ತಾನೇ?" ಎಂದಳು.

ಪರೀಕ್ಷೆಯ ದಿನ ಮೊದಲ ಸರದಿ ನನ್ನದೇ. ಹೊರಗಿನಿಂದ ಬಂದ ಪರೀಕ್ಷಕಿ ಎಷ್ಟೋ ಶಾಲೆ ಕಟ್ಟಿಸಿದ್ದವರು, ಬೆನ್ನು ಸ್ವಲ್ಪ ಬಾಗಿದ ಹೆಂಗಸು. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಕತ್ತರಿ ಸರ್‌ಗೆ ಬಾಗಿಲು ಕಂಡಿತು. ಅವರು ಜೇಬಿಗೆ ಕೈ ಹಾಕಿದರು.

ಕಚಕ್ ಎನ್ನಲಿಲ್ಲ. ಕರ್ರ್ ಎಂದಿತು. ಅವರು ಹಿಡಿತ ಬದಲಿಸಿ ಮತ್ತೆ ಒತ್ತಿದರು. ಕತ್ತರಿ ಜಾರಿತು. ಇನ್ನೊಮ್ಮೆ ಒತ್ತಿದಾಗ ಅಲಗಿನ ಅಂಚು ಚಿಕ್ಕದಾಗಿ ಮುಕ್ಕಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಏನಿದು?"

"ತಗಡು ಸರ್."

ಅವರ ಮುಖ ಕೆಂಪಾಯಿತು. ಪರೀಕ್ಷಕಿ ಕನ್ನಡಕ ಏರಿಸಿಕೊಂಡು ಬಗ್ಗಿದರು. "ಬೆಂಚಿಗೆ ಈ ಸೂರು ಸಾಲಲ್ಲ. ಮಳೆ ಬಂದ್ರೆ ಎರಚಲು ಹೊಡೆಯುತ್ತೆ," ಎಂದರು. ಆಮೇಲೆ, "ಬಾಗಿಲು ಇರಲಿ," ಎಂದರು.

"ಮೇಡಂ, ಶಾಲೆ ಅಂದ್ಮೇಲೆ ಶಿಸ್ತು ಬೇಡ್ವಾ?" ಎಂದ ಸರ್ ನನ್ನ ಕಡೆ ತಿರುಗಿದರು. "ಇದನ್ನ ನೀನೇ ಕಿತ್ತು ಕೊಡು. ಉಳಿದಿದ್ದಕ್ಕೆ ಈಗಲೇ ಪಾಸು ಹಾಕ್ತೀನಿ."

ತಂಗಿಯ ಮುಖ ಕಣ್ಣಮುಂದೆ ಬಂತು, ಅಮ್ಮನ ಕೆಂಪು ಕಣ್ಣು ಬಂತು. ಭಯವಾಯಿತು.

"ಇಲ್ಲ ಸರ್. ತಡವಾಗಿ ಬಂದ ಮಗು ಬಂದಿದೆ. ಬರದೇನೂ ಇರಬಹುದಿತ್ತು. ಬಂದೋರನ್ನ ಹೊರಗೆ ನಿಲ್ಲಿಸೋಕೆ ಒಂದು ಗೋಡೆ ಸಾಕು ಸರ್, ಅದಕ್ಕೆ ಶಾಲೆ ಯಾಕೆ?"

ಪರೀಕ್ಷಕಿ ಸರ್ ಕಿವಿಯಲ್ಲಿ ಏನೋ ಹೇಳಿದರು. ಸರ್ ಆಗದೆಂದು ತಲೆಯಾಡಿಸಿಬಿಟ್ಟರು. ಅಲ್ಲಿ ಕೊನೆಯ ಮಾತು ಅವರದೇ.

"ಹಾಗಿದ್ರೆ ಮುಂದಿನ ವರ್ಷ ಬಾ."

"ಬರ್ತೀನಿ ಸರ್. ಸೂರು ಉದ್ದ ಮಾಡ್ಕೊಂಡು ಬರ್ತೀನಿ."

ಶಾಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಬಿದ್ದೆ. ಮೊದಲ ಬಾರಿಗೆ ಆ ಕೋಣೆಯಿಂದ ಒಂದು ತುಂಡೂ ಕಳೆದುಕೊಳ್ಳದೆ ಬಂದಿದ್ದೆ.

ಮನೆಗೆ ಹೋಗುವ ದಾರಿಯಲ್ಲೇ ತಂಗಿಯ ಶಾಲೆ. ಗೇಟು ಮುಚ್ಚಿತ್ತು. ಹೊರಗೆ ಐದಾರು ಮಕ್ಕಳು ನಿಂತಿದ್ದರು, ತಂಗಿ ಎಡಗಡೆಯ ನೆರಳಿನಲ್ಲಿ.

"ಏನಾಯ್ತಕ್ಕ?"

"ಫೇಲು."

ಅವಳ ಮುಖ ಬಾಡಿತು. ನಾನು ಶಾಲೆಯನ್ನು ನೆಲದ ಮೇಲಿಟ್ಟೆ. ಮಕ್ಕಳು ಮುತ್ತಿಕೊಂಡರು. ಅವರಲ್ಲೇ ಚಿಕ್ಕವಳೊಬ್ಬಳು ಬಾಗಿಲೊಳಗೆ ಬೆರಳು ತೂರಿಸಿದಳು.

"ಇದಕ್ಕೆ ಬೀಗ ಎಲ್ಲಿ?"

"ಇಲ್ಲ."

"ಮತ್ತೆ ಯಾರು ತೆಗೀತಾರೆ?"

"ಬಂದವರೇ."

ತಂಗಿ ಕುಕ್ಕರುಗಾಲಿನಲ್ಲಿ ಕೂತು ತಗಡನ್ನು ಹೆಬ್ಬೆರಳಿನಿಂದ ಒತ್ತಿದಳು, ಅಲ್ಲಾಡಿಸಿದಳು. ಅದು ಜಗ್ಗಲಿಲ್ಲ. ಕತ್ತರಿ ಗೀಚಿದ ಗೆರೆಗಳ ಮೇಲೆ ಬೆರಳಾಡಿಸಿದಳು.

"ತೆಗಿ ಅಂದಿದ್ನಲ್ಲ ನಾನು."

"ಅಂದಿದ್ದೆ."

ಅವಳು ಎದ್ದಳು. ನೆರಳು ಬಿಟ್ಟು ಬಿಸಿಲಿಗೆ ಬಂದಳು. ಗೇಟಿನ ಎದುರು ನಿಂತು, ಊಟದ ಡಬ್ಬಿಯನ್ನು ಚೀಲದಿಂದ ಎಳೆದು, ಕಬ್ಬಿಣದ ಮೇಲೆ ಧಡ್ ಧಡ್ ಎಂದು ಬಡಿದಳು.

"ತೆಗೀರಿ! ನಾವು ಬಂದಿದೀವಿ!"

ಗೇಟಿನವನು ಆಚೆಯಿಂದ ಗದರಿದ. ತರಗತಿಯ ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಂಡವು. ಚಿಕ್ಕವಳು ತನ್ನ ಡಬ್ಬಿಯನ್ನೂ ತೆಗೆಯತೊಡಗಿದಳು. ತಂಗಿ ಯಾರ ಕಡೆಯೂ ತಿರುಗಿ ನೋಡಲಿಲ್ಲ. ಮತ್ತೆ ಬಡಿದಳು.