ಚುಕ್ಕಿಗೆ ಕಲಸಿದ ಮೊಸರನ್ನ

ಹುತ್ತೂರಿನ ಸುಬ್ರಹ್ಮಣ್ಯನ ಮನೆಯಲ್ಲಿ ಮೊದಲು ರೇಷ್ಮೆಹುಳುಗಳಿಗೆ ಸೊಪ್ಪು, ಆಮೇಲೆ ಮನುಷ್ಯರಿಗೆ ಕಾಫಿ. ಅವನ ಹೆಂಡತಿ ಮೃದುಲಾ ಹಿಪ್ಪುನೇರಳೆ ಸೊಪ್ಪು ಹರಡುವಾಗ ಅವಳ ಕೊರಳಿಗೆ ಕಟ್ಟಿದ ಬಟ್ಟೆಚೀಲದಿಂದ ಒಂದು ಪುಟ್ಟ ಮೂತಿ ಇಣುಕುತ್ತಿತ್ತು. ಅದು ಮಿಣಿ. ೨೦೦೭ರ ದೀಪಾವಳಿಗೆ ಸುಬ್ರಹ್ಮಣ್ಯ ಬೆಂಗಳೂರಿನಿಂದ ತಂದುಕೊಟ್ಟ ಶುಗರ್ ಗ್ಲೈಡರ್. ನೋಡಲು ಅಳಿಲಿನಂತೆ, ಕೈಕಾಲು ಚಾಚಿ ಹಾರಿದರೆ ಪಕ್ಕೆಯ ಚರ್ಮ ಬಿಚ್ಚಿಕೊಂಡು ಗಾಳಿಯಲ್ಲಿ ತೇಲುತ್ತಿತ್ತು.

ಮನೆಯಲ್ಲಿ ಚುಕ್ಕಿ ಎಂಬ ಬೆಕ್ಕೂ ಇತ್ತು. ಹುಳುಮನೆಯ ಹತ್ತಿರ ವಿಷ ಸುಳಿಯಬಾರದು. ಹಾಗಾಗಿ ಇಲಿ, ಅಳಿಲು ಹಿಡಿಯುವ ಕೆಲಸ ಚುಕ್ಕಿಯದೇ.

ಎರಡಕ್ಕೂ ಸ್ನೇಹ ಮಾಡಿಸಲು ಮೃದುಲಾ ದಿನವೂ ಚುಕ್ಕಿಯನ್ನು ಮಿಣಿಯ ಪಂಜರದ ಮುಂದೆ ಕೂರಿಸುತ್ತಿದ್ದಳು. ಅದು ಅಲ್ಲಾಡದೆ ಕೂರುತ್ತಿತ್ತು.

"ನೋಡಿ ಅತ್ತೆ, ಎಷ್ಟು ಸಾಧುವಾಗಿದೆ."

"ಇಲಿ ಬಿಲದ ಮುಂದೇನೂ ಹಂಗೇ ಕೂತ್ಕೊತದೆ ಕಣಮ್ಮ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ," ಎಂದರು ಅತ್ತೆ ಭಾರತಮ್ಮ. ಸೊಸೆ ನಕ್ಕುಬಿಟ್ಟಳು.

ಚಳಿ ಹೆಚ್ಚಾದಾಗ ಅವಳು ಪಂಜರವನ್ನು ಇದ್ದಿಲ ಕಾವಿದ್ದ ಹುಳುಮನೆಗೆ ತಂದಿಟ್ಟಳು. ಎರಡೂ ಆಡಿಕೊಂಡಿರಲಿ ಎಂದು ಒಂದು ದಿನ ಬೆಳಿಗ್ಗೆ ಪಂಜರದ ಬಾಗಿಲನ್ನೂ ತೆರೆದಿಟ್ಟು ಸೊಪ್ಪು ತರಲು ಹೋದಳು. ಬರುವಷ್ಟರಲ್ಲಿ ಚುಕ್ಕಿ ಮಿಣಿಯ ಹೆಣವನ್ನು ಅವಳ ಕಾಲ ಬಳಿ ತಂದಿಟ್ಟು, ಬಾಲವೆತ್ತಿ ನಿಂತಿತು.

"ಇದನ್ನ ಬಿಡಲ್ಲ ಅತ್ತೆ. ಒದ್ದಾಡಿ ಸಾಯೋದನ್ನ ಕಣ್ಣಾರೆ ನೋಡ್ತೀನಿ!"

"ಹೆಗ್ಗಣ ತಂದಾಗ ಹಾಲು ಹಾಕ್ದೋಳು ನೀನೇ ಅಲ್ವೇನಮ್ಮಾ? ಇವತ್ತೂ ಹಾಲಿಗೇ ನಿಂತಿದೆ."

"ನನ್ನ ಮಿಣಿ ಹೆಗ್ಗಣಾನಾ? ನಿಮಗೆ ಹುಳು ಉಳಿದ್ರೆ ಸಾಕು."

"ನಂಗೂ ಹೊಟ್ಟೆ ಉರೀತದೆ. ಆದ್ರೆ ಅದಕ್ಕೇನಮ್ಮಾ ಗೊತ್ತು, ಇದು ಬೇರೆ ಅಂತ?"

ಮೃದುಲಾಗೆ ಯಾವ ಮಾತೂ ಬೇಕಿರಲಿಲ್ಲ. ಸೇಡು ಬೇಕಿತ್ತು. ಅಂಗಡಿಗೆ ಹೋಗಿ ಇಲಿಪಾಷಾಣ ತಂದಳು. ಹಿತ್ತಲಲ್ಲಿ ಕೂತು, ಹಲ್ಲು ಕಚ್ಚಿಕೊಂಡು ಅದನ್ನು ಮೊಸರನ್ನಕ್ಕೆ ಕಲಸಿದಳು. ಮೊಸರು ಸ್ವಲ್ಪ ಹೆಚ್ಚೇ ಹಾಕಿದಳು, ಒಂದು ಅಗುಳೂ ಬಿಡಬಾರದೆಂದು.

"ಚುಕ್ಕಿ, ಬಾ."

ಕರೆದದ್ದೇ ತಡ, ಬೆಕ್ಕು ಓಡಿಬಂತು. ತಟ್ಟೆಯತ್ತ ನೋಡುವ ಮೊದಲು ಅವಳ ಕೈಗೆ ತಲೆ ಉಜ್ಜಿತು. ಆ ಕೈ ಏನು ಕಲಸಿದೆ ಎಂದು ಅದಕ್ಕೇನು ಗೊತ್ತು? ಬೆಳಿಗ್ಗೆ ಪಂಜರದ ಬಾಗಿಲು ತೆಗೆದಾಗ ಮಿಣಿಯೂ ಇದೇ ಕೈ ನಂಬಿ ಹೊರಗೆ ಬಂದಿತ್ತು.

ಬೆಕ್ಕು ತಟ್ಟೆಗೆ ಮೂತಿ ಚಾಚಿತು. ಅವಳು ತಟ್ಟೆಯನ್ನು ಕಿತ್ತುಕೊಂಡಳು. ಹಸಿದ ಚುಕ್ಕಿ ಮಿಯಾವ್ ಎನ್ನುತ್ತ ಅವಳ ಹಿಂದೆಯೇ ಸುತ್ತಿತು. ಅದನ್ನು ಅಡುಗೆಮನೆಯೊಳಗೆ ಕೂಡಿಹಾಕಿ ಬಂದು, ಆಳವಾಗಿ ಗುಂಡಿ ತೋಡಿ ಅನ್ನವನ್ನು ತಟ್ಟೆ ಸಮೇತ ಹೂತಳು. ಪಕ್ಕದಲ್ಲೇ ಮಿಣಿಗೂ ಒಂದು ಗುಂಡಿ ತೋಡಿದಳು. ಆಗ ಅಳು ಬಂತು, ಗಟ್ಟಿಯಾಗಿಯೇ ಅತ್ತಳು. ತಲೆಗೆ ಸ್ನಾನ ಮಾಡಿದ ಮೇಲೆಯೇ ಹುಳುಗಳಿಗೆ ಸೊಪ್ಪು ಹಾಕಲು ಹೋದಳು.

ಸಂಜೆ ಕೋಲಾರದಿಂದ ಬಂದ ಸುಬ್ರಹ್ಮಣ್ಯನಿಗೆ ಭಾರತಮ್ಮ ಎಲ್ಲವನ್ನೂ ಹೇಳಿದರು. ಅವನು ಹೆಂಡತಿಯ ಪಕ್ಕ ಕೂತು, "ಅಳಬೇಡ ಕಣೇ. ಮುಂದಿನ ವಾರ ಅಂಥದ್ದೇ ಇನ್ನೊಂದು ತಂದುಕೊಡ್ತೀನಿ," ಎಂದ.

ಚುಕ್ಕಿ ಅವಳ ಮಡಿಲೇರಲು ಹವಣಿಸುತ್ತಿತ್ತು. ಮೃದುಲಾ ಅದನ್ನು ತಳ್ಳಲಿಲ್ಲ, ಮುದ್ದಿಸಲೂ ಇಲ್ಲ.

"ಬೇಡ ರೀ," ಎಂದಳು. "ನಮ್ಮನೇಲಿ ಬೆಕ್ಕಿದೆ."